ಮಗಳ ಪೂರಾ ತೂಕ

ನಮ್ಮವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಸೋಮವಾರ, ಗುರುವಾರ ಪೇಟೆ ತುಂಬುವ ದಿನ. ಆ ದಿನಗಳಲ್ಲಿ ಮನೆಗೆ ಬಂದರೆ ಅವರ ಕಣ್ಣಿನ ರೆಪ್ಪೆಗೂ ಕೆಂಪು ಧೂಳು ಅಂಟಿರುತ್ತಿತ್ತು. ಬಚ್ಚಲಿಗೆ ಹೋಗಿ ಮೈ ತೊಳೆದುಕೊಳ್ಳುವವರೆಗೆ ಯಾರ ಹತ್ತಿರವೂ ಬರುತ್ತಿರಲಿಲ್ಲ. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಅವರ ಟವೆಲ್ಲನ್ನು ಎಷ್ಟು ಸಲ ಒಗೆದರೂ ಬಿಸಿಲಿಗೆ ಹಾಕಿದಾಗ ಸಣ್ಣಗೆ ಘಾಟು ಬರುತ್ತಿತ್ತು. ಈಗ ಅದನ್ನು ಒಗೆಯುವುದು ಬಿಟ್ಟಿದ್ದೇನೆ.

ಪೇಟೆಯಲ್ಲಿ ಅವರ ತೂಕದ ಮೇಲೆ ನಂಬಿಕೆ ಇತ್ತು. ತಮ್ಮ ಚೀಲ ಅವರ ಕೈಯಲ್ಲೇ ತೂಗಲಿ ಎಂದು ಕಾದು ನಿಲ್ಲುವ ರೈತರಿದ್ದರು. ಚೀಲದ ತೂಕ, ಕಾಯಿಯ ತೇವ, ಮಣ್ಣು ಎಂದು ಇಷ್ಟಿಷ್ಟು ಕಳೆದು ಬರೆಯುವ ರೂಢಿಗೆ ಪೇಟೆಯಲ್ಲಿ ಸೂಟು ಎನ್ನುತ್ತಾರೆ. ಖಾಲಿ ಚೀಲದ ತೂಕಕ್ಕಿಂತ ಒಂದು ಹಿಡಿ ಹೆಚ್ಚು ಸೂಟು ತೆಗೆಯಲು ಅವರು ಒಪ್ಪುತ್ತಿರಲಿಲ್ಲ. ಅದೇ ವಿಷಯಕ್ಕೆ ತಾವು ಕೆಲಸಕ್ಕಿದ್ದ ಅಂಗಡಿಯ ಸಾವ್ಕಾರರ ಜೊತೆ ಎರಡು ಸಲ ಜಗಳವೂ ಆಗಿತ್ತು. ಅಂಥವರು ನಮ್ಮ ಮಗಳ ತೂಕವನ್ನು ನಾಲ್ಕು ತಿಂಗಳು ತಪ್ಪಾಗಿ ಬರೆದರು. ಅವರ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ.

ಮದುವೆಯಾಗಿ ಹನ್ನೊಂದು ವರ್ಷ ನಮಗೆ ಮಕ್ಕಳಿರಲಿಲ್ಲ. ಹೊಸ ಶತಮಾನ ಬಂದು ಎರಡು ವರ್ಷವಾದ ಮೇಲೆ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಹೋಗತೊಡಗಿದೆವು. ಹೆಂಗಸಿನ ಮೈಯಿಂದ ತತ್ತಿ ತೆಗೆದು, ಹೊರಗೆ ಗಾಜಿನ ತಟ್ಟೆಯಲ್ಲಿ ಗಂಡನ ಬೀಜದ ಜೊತೆ ಕೂಡಿಸಿ, ಎರಡು ಮೂರು ದಿನ ಕಾದು ಮತ್ತೆ ಗರ್ಭಕ್ಕೆ ಬಿಡುವ ಚಿಕಿತ್ಸೆ ಅದು. ನಮ್ಮ ಕಡೆ ಜನ ಅದಕ್ಕೆ ಟೆಸ್ಟ್ ಟ್ಯೂಬ್ ಕೂಸು ಎನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ನಾವು ಯಾರಿಗೂ ಹೇಳಲಿಲ್ಲ. ಗೊತ್ತಿದ್ದದ್ದು ನಮ್ಮ ಅತ್ತೆಗೆ ಮಾತ್ರ. ಓಣಿಯಲ್ಲಿ ಕೇಳಿದವರಿಗೆ ಅತ್ತೆ, ಮಗನಿಗೆ ಧೂಳಿನ ಕೆಮ್ಮು, ದೊಡ್ಡ ಡಾಕ್ಟರಿಗೆ ತೋರಿಸುತ್ತಿದ್ದಾರೆ ಎಂದು ಹೇಳಿದರು. ಪಾಪ, ಇವರು ಓಣಿಯ ಕೊನೆಯವರೆಗೆ ಕೆಮ್ಮುತ್ತಾ ಹೋಗುತ್ತಿದ್ದರು. ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಮೊದಲ ಸಲ ನಿಲ್ಲಲಿಲ್ಲ. ಎರಡನೆಯ ಸಲ ನಿಂತಿತು. ಆರನೆಯ ತಿಂಗಳಿಗೆ ನನಗೆ ಬಿ.ಪಿ. ಏರಿತು, ಕಾಲು ಬಾತುಕೊಂಡವು. ಆಗ ಆ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ಹೆಣ್ಣುಮಗಳು, ಸಂಶೋಧನೆ ಮಾಡುತ್ತಿದ್ದರು. ಇಂಥ ಚಿಕಿತ್ಸೆಯಿಂದ ಹುಟ್ಟಿದ ಮಕ್ಕಳು ಹೇಗೆ ಬೆಳೆಯುತ್ತಾರೆ, ಬಸುರಿಯಲ್ಲಿ ಏರಿದ ಬಿ.ಪಿ.ಯ ಗುರುತು ಮಗುವಿನಲ್ಲಿ ಉಳಿಯುತ್ತದೆಯೇ, ತಾನಾಗಿ ಆದ ಮಕ್ಕಳಿಗೂ ಇವರಿಗೂ ಏನಾದರೂ ವ್ಯತ್ಯಾಸ ಇದೆಯೇ ಎಂದು ನೋಡುವುದು ಅವರ ಕೆಲಸ. ನಾವೂ ಸೇರಬಹುದೇ ಎಂದು ಕೇಳಿದರು. ಇವರು ಕಾಗದವನ್ನು ಎರಡು ಸಲ ಓದಿ, ಇದರಿಂದ ನಮ್ಮ ಕೂಸಿಗೆ ಏನು ಉಪಯೋಗ ಎಂದು ಕೇಳಿದರು. ಡಾಕ್ಟರು ಸ್ವಲ್ಪ ಯೋಚಿಸಿ, "ನಿಮ್ಮ ಕೂಸಿಗೆ ಹೆಚ್ಚೇನಿಲ್ರಿ. ಮುಂದ ಬರೋರಿಗೆ ಆಗತೈತಿ" ಅಂದರು. ಇವರಿಗೆ ಆ ಉತ್ತರ ಸೇರಿತು. ಪೇಟೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ ಎಂದು ಹೊರಗೆ ಬಂದ ಮೇಲೆ ಅಂದರು. ಅಷ್ಟರಲ್ಲಿ ಸಹಿ ಮಾಡಿಯಾಗಿತ್ತು.

ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಎರಡು ಕಿಲೋಕ್ಕೆ ನೂರು ಗ್ರಾಂ ಕಡಿಮೆ. ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಮನೆಗೆ ಕಳಿಸುವಾಗ ಡಾಕ್ಟರು ಒಂದು ಕಾರ್ಡು ಕೊಟ್ಟರು. ಅದರಲ್ಲಿ ಮಗು ಬೆಳೆಯಬೇಕಾದ ದಾರಿಯನ್ನು ಎರಡು ಗೆರೆಗಳ ನಡುವೆ ಅಚ್ಚು ಹಾಕಿದ್ದರು. ವಾರಕ್ಕೊಮ್ಮೆ ತೂಕ ಮಾಡಿಸಿ ಚುಕ್ಕಿ ಇಡಬೇಕು, ತಿಂಗಳಿಗೊಮ್ಮೆ ಆ ಅಂಕಿಗಳನ್ನು ಅಂಚೆಯಲ್ಲಿ ಬರೆದು ಕಳಿಸಬೇಕು. ಅಂಗನವಾಡಿಯಲ್ಲಿ ತೂಕ ಮಾಡಿಸಿರಿ ಎಂದರು. ಇವರು, ನಾನೇ ತೂಕದವನು, ನನ್ನ ಕೈಯಲ್ಲಿ ಸರಕಾರದ ಸೀಲು ಬಿದ್ದ ತೂಕದ ಕಲ್ಲುಗಳಿವೆ ಎಂದರು. ಡಾಕ್ಟರಿಗೆ ಸಂತೋಷವಾಯಿತು. ಉಳಿದ ಯಾರ ಮನೆಯಲ್ಲೂ ಇಂಥ ಅನುಕೂಲ ಇಲ್ಲ ಎಂದರು.

ಖರೇ ಹೇಳಬೇಕೆಂದರೆ ಅಂಗನವಾಡಿ ಬೇಡವೆಂದದ್ದು ಅತ್ತೆ. ಓಣಿಯ ಹೆಂಗಸರ ಮುಂದೆ ಮಗುವನ್ನು ತಕ್ಕಡಿಗೆ ಹಾಕುವುದು ಅವರಿಗೆ ಆಗದ ಮಾತು. ಕೂಸಿನ ತೂಕ ಬಾಯಿಂದ ಆಡಿದರೆ ದೃಷ್ಟಿ ತಾಗುತ್ತದೆ, ಅದರಲ್ಲೂ ಹನ್ನೊಂದು ವರ್ಷಕ್ಕೆ ಬಂದ ಕೂಸು ಎಂದು ಅವರ ವಾದ. ನನ್ನ ತವರು ಹಲಗೇರಿಯಲ್ಲಿ ಅವ್ವ ತೀರಿಕೊಂಡಿದ್ದಳು. ಹಾಗಾಗಿ ಬಾಣಂತನ ಅತ್ತೆಯ ಕೈಯಲ್ಲೇ ನಡೆಯಿತು. ಅವರು ನನ್ನನ್ನು ತಮ್ಮ ಮಗಳಿಗಿಂತ ಹೆಚ್ಚು ನೋಡಿಕೊಂಡರು. ಅವರ ಮಾತು ಮೀರುವ ಹಾಗಿರಲಿಲ್ಲ, ಮೀರಲು ನಮಗೆ ಮನಸ್ಸೂ ಇರಲಿಲ್ಲ.

ಅಂಗಡಿಗೆ ಅದೇ ವರ್ಷ ಎಲೆಕ್ಟ್ರಾನಿಕ್ ಕಾಟಾ ಬಂದಿತ್ತು. ಮಾದರಿ ಕಾಯಿ ತೂಗುವ ಹಳೆಯ ತಕ್ಕಡಿ ಮೂಲೆ ಸೇರಿತ್ತು. ಇವರು ಅದನ್ನು ಕೇಳಿ ತಂದು, ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿ, ಪಡಸಾಲೆಯ ತೊಲೆಗೆ ಕಟ್ಟಿದರು. ಆದರೂ ಮೊದಲ ದಿನ ಮಗಳು ತಟ್ಟೆಯಲ್ಲಿ ಮಲಗಿದ ಕೂಡಲೇ ಸೀನಿದಳು. ಮತ್ತೆ ಮೂರು ಸಲ ತಿಕ್ಕಿದರು.

ಭಾನುವಾರ ಬೆಳಿಗ್ಗೆ ಮಗುವಿಗೆ ಎರೆದು, ಲೋಬಾನದ ಹೊಗೆ ಹಿಡಿದು, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಅತ್ತೆ ಅವಳನ್ನು ತಟ್ಟೆಗೆ ಇಡುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಹೊರಸಿನ ಮೇಲೆ ಇರುತ್ತಿದ್ದೆ. ನನಗೆ ಸರಪಳಿಯ ಸದ್ದು ಮಾತ್ರ ಕೇಳುತ್ತಿತ್ತು. ಕಲ್ಲು ಇಡುವುದನ್ನೂ ಅವರು ಸದ್ದಿಲ್ಲದೆ ಮಾಡುತ್ತಿದ್ದರು. ಆಮೇಲೆ ಕಿವಿಯಲ್ಲಿ ಸಿಕ್ಕಿಸಿದ ಪೆನ್ಸಿಲ್ ತೆಗೆದು ಕಾರ್ಡಿನಲ್ಲಿ ಬರೆಯುತ್ತಿದ್ದರು. ಎಷ್ಟೆಂದು ಯಾರೂ ಕೇಳಬಾರದು, ಅವರೂ ಹೇಳಬಾರದು. ಅದು ಮುಗಿದ ಮೇಲೆ ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿ ಇಲ್ಲ, ಬಾರದಿದ್ದರೆ ದೃಷ್ಟಿ ಆಗಿದೆ ಎಂದು ಲೆಕ್ಕ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಹಾಗಾಗಿ ವಾರ ವಾರವೂ ದೃಷ್ಟಿ ಆಗಿಯೇ ಇರುತ್ತಿತ್ತು.

"ಯವ್ವಾ, ಗುಂಟೂರು ಕಾಯಿ ತಂದುಕೊಡ್ತೇನಿ, ಅದನ್ನ ಸುಡು. ದೃಷ್ಟಿ ಒಂದ ದಿನಕ್ಕ ಊರ ಬಿಟ್ಟ ಹೋಗತೈತಿ" ಎಂದು ಇವರು ಚಾಷ್ಟಿ ಮಾಡುತ್ತಿದ್ದರು.

"ನಿನಗ ಹನ್ನೊಂದು ವರ್ಷ ಇಂಥಾ ಚಾಷ್ಟಿ ಮಾಡಾಕ ಎಲ್ಲಿ ಬಾಯಿ ಇತ್ತೋ" ಎಂದು ಅತ್ತೆ ಒಲೆಯ ಮುಂದಿನಿಂದಲೇ ಅನ್ನುತ್ತಿದ್ದರು.

ಕಾರ್ಡನ್ನು ನಾನು ನೋಡುತ್ತಿದ್ದೆ. ಹತ್ತನೆಯ ತರಗತಿ ಓದಿದವಳು, ಚುಕ್ಕಿ ಎಲ್ಲಿರಬೇಕು, ಎಲ್ಲಿದೆ ಎಂದು ತಿಳಿಯುತ್ತಿತ್ತು. ಮೊದಲ ತಿಂಗಳು ಚುಕ್ಕಿಗಳು ಕೆಳಗಿನ ಗೆರೆಯ ಹತ್ತಿರ ಇದ್ದವು. ಎರಡನೆಯ ತಿಂಗಳು ಗೆರೆಯಿಂದ ಕೆಳಗಿಳಿದವು. ಮೂರನೆಯ ತಿಂಗಳು ಗೆರೆ ಮೇಲೆ ಮೇಲೆ ಹೋಯಿತು, ನಮ್ಮ ಚುಕ್ಕಿಗಳು ನೆಲ ಹಿಡಿದು ನಡೆದವು. ನಾನು ಬೆಳ್ಳುಳ್ಳಿ ತಿಂದೆ, ಸಬ್ಬಸಿಗೆ ತಿಂದೆ, ಬೇಡವೆನಿಸಿದರೂ ಎರಡು ಲೋಟ ಹಾಲು ಕುಡಿದೆ. ಮಗಳು ಹಾಲು ಕುಡಿದು ತೃಪ್ತಿಯಾಗಿ ನಿದ್ದೆ ಹೋದಾಗಲೂ ಅವಳ ಹೊಟ್ಟೆ ತುಂಬಿದೆ ಎಂದು ನಂಬಲಿಲ್ಲ. ಎತ್ತಿಕೊಂಡರೆ ಕೈಗೆ ಭಾರವಾಗಿಯೇ ಇದ್ದಳು. ಕೈಯನ್ನೂ ನಂಬಲಿಲ್ಲ. ಆಸ್ಪತ್ರೆಯಲ್ಲಿ ನಾನು ಕಂಡ ಗಾಜಿನ ತಟ್ಟೆ ನೆನಪಾಗುತ್ತಿತ್ತು. ಹೊರಗೆ ಮೂರು ದಿನ ಇದ್ದದ್ದರಿಂದಲೇ ಇವಳಲ್ಲಿ ಏನೋ ಕಡಿಮೆಯಾಯಿತೇ, ನನಗೆ ಮಗು ಬೇಕು ಎಂಬ ಆಸೆಗೆ ಇವಳನ್ನು ಹೀಗೆ ಮಾಡಿದೆನೇ ಎಂದು ಅನಿಸುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ.

ಒಂದು ದಿನ ಮಾತ್ರ ಇವರ ಮುಂದೆ ಕಾರ್ಡು ಹಿಡಿದು ಅತ್ತುಬಿಟ್ಟೆ. ಅವರು, ಚಿಂತೆ ಮಾಡಬೇಡ, ಎತ್ತಿಕೊಂಡರೆ ಗೊತ್ತಾಗುವುದಿಲ್ಲವೇ, ಚೆನ್ನಾಗಿದ್ದಾಳೆ ಎಂದರು. ಪೇಟೆಯಲ್ಲಿ ಕೈ ಅಂದಾಜು ನಂಬಬಾರದು, ತಕ್ಕಡಿ ಹೇಳಿದ್ದೇ ಖರೆ ಎಂದು ನೀವೇ ಹೇಳುತ್ತೀರಲ್ಲ ಎಂದೆ. ಅವರು ಕಾರ್ಡು ತೆಗೆದುಕೊಂಡು ಗೂಟದ ಅಂಗಿಯ ಜೇಬಿಗೆ ಇಟ್ಟು ಹೊರಗೆ ಹೋದರು. ಅವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡೆ.

ನಾಲ್ಕನೆಯ ತಿಂಗಳ ಅಂಕಿ ತಲುಪಿದ ಮೇಲೆ ಡಾಕ್ಟರು ಅಂಗಡಿಗೆ ಫೋನು ಮಾಡಿದರು. ಮಗು ಬೆಳೆಯಬೇಕಾದಷ್ಟು ಬೆಳೆಯುತ್ತಿಲ್ಲ, ಹೃದಯ, ರಕ್ತ ಎಲ್ಲ ಪರೀಕ್ಷೆ ಮಾಡಬೇಕು, ತಡ ಮಾಡದೆ ಕರೆದುಕೊಂಡು ಬನ್ನಿ ಎಂದರು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮರುದಿನ ಬೆಳಿಗ್ಗೆ ನಾವು ಹುಬ್ಬಳ್ಳಿಯ ಪ್ಯಾಸೆಂಜರ್ ಹತ್ತಿದೆವು. ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ.

ಹಾವೇರಿ ನಿಲ್ದಾಣದಲ್ಲಿ ಗಾಡಿ ನಿಂತಾಗ ಇವರು ನನ್ನ ಪಕ್ಕಕ್ಕೆ ಸರಿದು, ಮಗಳನ್ನು ನೋಡುತ್ತಾ ಹೇಳಿದರು: "ಕೂಸಿಗೆ ಏನೂ ಆಗಿಲ್ಲ. ತೂಕ ನಾನ ಕಡಿಮಿ ಬರದೇನಿ."

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಎಲ್ಲ ಹೇಳಿದರು. ಮೊದಲ ಭಾನುವಾರ ಬಟ್ಟೆಯ ತೂಕ ಕಳೆದು ಬರೆದರಂತೆ. ಅದು ಸರಿಯೇ. ಆಮೇಲೆ ಪೂರಾ ತೂಕ ಬರೆಯಲು ಕೈ ಬರಲಿಲ್ಲವಂತೆ. ಬಾಯಿಂದ ಹೇಳಿದರೆ ದೃಷ್ಟಿಯಾದರೆ ಬರೆದರೂ ದೃಷ್ಟಿಯೇ ಅಲ್ಲವೇ ಎಂದು ಅನಿಸಿ, ಇನ್ನೊಂದು ಐವತ್ತು ಗ್ರಾಂ ಕಳೆದರಂತೆ. ಮುಂದಿನ ವಾರ ನೂರು. ಮಗಳು ಬೆಳೆದಂತೆ ಕಳೆಯುವುದೂ ಬೆಳೆಯಿತು. ಅವಳು ತುಂಬಿಕೊಂಡಷ್ಟೂ ಅವರಿಗೆ ಹೆದರಿಕೆ ಹೆಚ್ಚು. ನಾನು ಅತ್ತ ದಿನ ಹೇಳಬೇಕೆಂದುಕೊಂಡರಂತೆ. ಹೇಳಿದರೆ ಪೂರಾ ತೂಕ ಬಾಯಿಂದ ಬರುತ್ತದೆ ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರಂತೆ.

ಪೇಟೆಯಲ್ಲಿ ಒಂದು ಹಿಡಿ ಮೆಣಸಿನಕಾಯಿಗೆ ಜಗಳ ಮಾಡುವ ಮನುಷ್ಯ. ನನಗೆ ಮೊದಲು ಉಸಿರು ಹಗುರಾಯಿತು. ಆಮೇಲೆ ಸಿಟ್ಟು ಬಂತು. ನಾಲ್ಕು ತಿಂಗಳು ನನ್ನ ಹಾಲನ್ನು ನಾನು ನಂಬಿರಲಿಲ್ಲ, ನನ್ನ ಮಗುವನ್ನೇ ಕಡಿಮೆಯ ಮಗು ಎಂದು ನೋಡಿದ್ದೆ. ಹುಬ್ಬಳ್ಳಿ ಬಂತು. ಇಳಿಯುವಾಗ ಅವರು ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದರು. ಕೊಡಲಿಲ್ಲ.

ಆಸ್ಪತ್ರೆಯ ತೂಕದ ಮಿಷನ್ ನಾಲ್ಕು ಕಿಲೋ ಎಂಟುನೂರು ತೋರಿಸಿತು. ಕಾರ್ಡಿನಲ್ಲಿ ಮೂರು ಏಳುನೂರು ಇತ್ತು. ಡಾಕ್ಟರು ಮಗಳನ್ನು ಎತ್ತಿ ಮತ್ತೊಮ್ಮೆ ಮಲಗಿಸಿದರು. ಮತ್ತೆ ಅಷ್ಟೇ. ಮಿಷನ್ನಿನ ಕೆಳಗೆ ಬಗ್ಗಿ ನೋಡಿದರು.

"ನಿಮ್ಮ ಮಿಷನ್ ಖರೇ ಐತ್ರಿ" ಎಂದರು ಇವರು. "ಕಾರ್ಡ ಸುಳ್ಳು. ನಾನ ಸೂಟು ತಗದ ಬರದೇನ್ರಿ."

ಡಾಕ್ಟರಿಗೆ ಆ ಮಾತು ಗೊತ್ತಿರಲಿಲ್ಲ. ಪೇಟೆಯ ಸೂಟು ಏನು, ಮನೆಯಲ್ಲಿ ಯಾಕೆ ಹೀಗಾಯಿತು ಎಂದು ಇವರು ಶಾಲೆಯಲ್ಲಿ ನಿಂತ ಹುಡುಗನ ಹಾಗೆ ಕೈಕಟ್ಟಿ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನನ್ನ ಕಡೆ ತಿರುಗಿ ನೀವು ಎಷ್ಟು ದಿನದಿಂದ ಹೆದರಿಕೊಂಡಿದ್ದೀರಿ ಎಂದು ಕೇಳಿದರು. ನಾನು ಕಣ್ಣು ಒರೆಸಿಕೊಳ್ಳುತ್ತಾ ಮಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದೆ.

ಆಮೇಲೆ ಇವರಿಗೆ ಹೇಳಿದರು: "ನಾ ಇದನ್ನ ಹಂಗ ಬರಕೊಂಡಿದ್ರ, ಇಂಥಾ ಕೂಸುಗಳು ಬೆಳ್ಯಾಂಗಿಲ್ಲ ಅಂತ ಆಗತಿತ್ರಿ. ಅದನ್ನ ಕೇಳಿ ಇವರಂಥಾ ಇನ್ನೊಬ್ಬಾಕಿ ಹೆದರತಿದ್ಲು."

ಇವರು ತಲೆ ತಗ್ಗಿಸಿದರು. ನಾವು ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, ಕೇಳದಿದ್ದರೂ ಒಂದು ಮಾತು ಹೇಳಿದರು. ಹೀಗೆ ಬರೆದವನು ತಾನೊಬ್ಬನೇ ಅಲ್ಲ, ಉಳಿದವರ ಕಾರ್ಡನ್ನೂ ನೋಡಬೇಕು ಎಂದರು. ತಾನಾಗಿ ಬಸುರಾದವರೂ ಕಡಿಮೆ ಹೇಳುತ್ತಾರೇನು ಎಂದು ಡಾಕ್ಟರು ಕೇಳಿದರು.

"ಅವರೂ ಹೇಳ್ತಾರ್ರಿ, ಸ್ವಲ್ಪ. ಎಷ್ಟ ವರ್ಷ ಕಾದಿರ್ತಾರೋ ಅಷ್ಟ ಕಡಿಮಿ ಹೇಳ್ತಾರ."

ಡಾಕ್ಟರು ಮತ್ತೆ ಕುಳಿತರು. ಮತ್ತೊಮ್ಮೆ ಹೇಳಿರಿ ಎಂದು ಕೇಳಿ ಆ ಮಾತನ್ನು ಬರೆದುಕೊಂಡರು. ನಮ್ಮ ಕಾರ್ಡಿನ ನಾಲ್ಕು ತಿಂಗಳ ಚುಕ್ಕಿಗಳ ಮೇಲೆ ಒಂದು ಉದ್ದ ಗೆರೆ ಎಳೆದು, ಅದರ ಪಕ್ಕದಲ್ಲಿ ಅಂದಿನ ತೂಕಕ್ಕೆ ಹೊಸ ಚುಕ್ಕಿ ಇಟ್ಟರು. ಅದು ಎರಡು ಗೆರೆಗಳ ನಡುವೆ ಬಿತ್ತು. ಅಲ್ಲಿಂದ ಮುಂದೆ ಮನೆಯಲ್ಲಿ ತೂಗಿದ ಅಂಕಿಗಳನ್ನು ಅವರು ಯಾರಿಂದಲೂ ತೆಗೆದುಕೊಳ್ಳಲಿಲ್ಲ. ಮೂರು ತಿಂಗಳಿಗೊಮ್ಮೆ ತಾವೇ ಮಿಷನ್ ಹೊತ್ತುಕೊಂಡು ಹಾವೇರಿಗೆ ಬರುತ್ತಿದ್ದರು. ಸುತ್ತಲಿನ ಊರುಗಳ ತಾಯಂದಿರೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ಅಂಕಿಯನ್ನು ಗಟ್ಟಿಯಾಗಿ ಹೇಳದೆ ಕಾಗದಕ್ಕೆ ಬರೆದುಕೊಳ್ಳುವುದನ್ನು ಅವರು ರೂಢಿ ಮಾಡಿಕೊಂಡಿದ್ದರು. ಅತ್ತೆಗೆ ಇದನ್ನು ಹೇಳಿದಾಗ, ಡಾಕ್ಟರಬಾಯಿಗೆ ಈಗ ಬುದ್ಧಿ ಬಂತು ಎಂದರು.

ಮರಳಿ ಬರುವಾಗ ಗಾಡಿಯಲ್ಲಿ ಮಗಳನ್ನು ಇವರ ಕೈಗೆ ಕೊಟ್ಟೆ. ಬ್ಯಾಡಗಿಯವರೆಗೆ ಅವರ ತೊಡೆಯ ಮೇಲೆಯೇ ಇದ್ದಳು.

ವರ್ಷಗಳು ಹೋದವು. ಡಾಕ್ಟರ ಓದು ಮುಗಿದರೂ ಈ ಕೆಲಸ ಬಿಡಲಿಲ್ಲ. ವರ್ಷಕ್ಕೊಮ್ಮೆ ಮಗಳ ತೂಕ, ಎತ್ತರ ನೋಡಿ, ಅವಳ ಸಣ್ಣ ತೋಳಿಗೆ ಸಣ್ಣ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದರು. ಎಲ್ಲ ಸರಿ ಇದೆಯೇ ಎಂದು ಕೇಳಿದರೆ, ನಿಮ್ಮ ಮಗಳು ಚೆನ್ನಾಗಿದ್ದಾಳೆ, ಉಳಿದದ್ದನ್ನು ಇನ್ನೂ ನೋಡುತ್ತಿದ್ದೇವೆ ಎನ್ನುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಒಮ್ಮೆಯೂ ಹೇಳಲಿಲ್ಲ.

ಮಗಳಿಗೆ ಐದು ತುಂಬುವ ಹೊತ್ತಿಗೆ ಇವರಿಗೆ ಊಟ ಸೇರದಾಯಿತು. ಹೊಟ್ಟೆಯಲ್ಲಿ ಗಡ್ಡೆ ಎಂದರು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಆಮೇಲೆ ಹದಿನೈದು ದಿನಕ್ಕೊಮ್ಮೆ ರಾಣೆಬೆನ್ನೂರಿನ ಡಾಕ್ಟರಿಗೆ ತೋರಿಸಿಕೊಂಡು ಬರಬೇಕಾಗಿತ್ತು. ಮಗಳ ಶಾಲೆ, ಅತ್ತೆಯ ಮಂಡಿನೋವು ಎಂದು ಅವರು ನನ್ನನ್ನು ಕರೆದೊಯ್ಯುತ್ತಿರಲಿಲ್ಲ. ಒಬ್ಬರೇ ಬಸ್ಸಿಗೆ ಹೋಗಿ ಬರುತ್ತಿದ್ದರು. ಅಲ್ಲಿ ಪ್ರತಿ ಸಲ ತೂಕ ನೋಡುತ್ತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳುತ್ತಿದ್ದರು: "ಅರ್ಧ ಕಿಲೋ ಏರೇತಿ." ಮತ್ತೊಮ್ಮೆ, "ಈ ಸಲ ಒಂದ ಕಿಲೋ."

ಅತ್ತೆ ಸಂತೋಷಪಡುತ್ತಿದ್ದರು. ನಾನು ನಂಬಬೇಕೆಂದುಕೊಂಡೆ. ಆದರೆ ಅವರ ಪ್ಯಾಂಟು ಒಗೆಯುವವಳು ನಾನು. ಸೊಂಟದ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹಾಕಿದ್ದನ್ನು ನೋಡಿದ್ದೆ. ಒಂದು ದಿನ ಜೇಬಿನಲ್ಲಿ ಡಾಕ್ಟರ ಚೀಟಿ ಸಿಕ್ಕಿತು. ಏರಿದೆ ಎಂದು ಹೇಳಿದ ದಿನವೇ ಎರಡೂವರೆ ಕಿಲೋ ಇಳಿದಿತ್ತು.

ಪೇಟೆಯಲ್ಲಿ ತೂಕ ಮುಗಿದ ಮೇಲೆ ಮನಸ್ಸಿದ್ದವರು ಒಂದು ಹಿಡಿ ಮೇಲೆ ಹಾಕುತ್ತಾರೆ. ಅದು ಕೊಸರು. ಮಗಳಿಗೆ ಸೂಟು ತೆಗೆದವರು ತಮಗೆ ಕೊಸರು ಹಾಕಿಕೊಳ್ಳುತ್ತಿದ್ದರು. ಅದು ಅವರಿಗಾಗಿ ಇರಲಿಲ್ಲ, ನಮಗಾಗಿ ಇತ್ತು. ಹಾವೇರಿ ನಿಲ್ದಾಣದಲ್ಲಿ ನನಗೆ ಬಂದಿದ್ದ ಸಿಟ್ಟು ಈ ಸಲ ಬರಲಿಲ್ಲ. ಚೀಟಿಯನ್ನು ಮಡಿಕೆ ಹಾಳಾಗದಂತೆ ಅದೇ ಜೇಬಿಗೆ ಇಟ್ಟೆ. ಹೇಳಬೇಕಾಗಿತ್ತೋ ಏನೋ. ಹೇಳಿದ್ದರೆ ಕೊನೆಯ ತಿಂಗಳುಗಳಲ್ಲಿ ಅವರು ಒಬ್ಬರೇ ಅದನ್ನು ಹೊತ್ತುಕೊಂಡು ಬಸ್ಸಿನಲ್ಲಿ ಬರಬೇಕಾಗಿರಲಿಲ್ಲ.

ಅವರು ಹೋದ ಮೇಲೆ ಮೊದಲ ಸಲ, ಕಳೆದ ತಿಂಗಳು, ಮಗಳನ್ನು ಹಾವೇರಿಗೆ ಕರೆದೊಯ್ದೆ. ಡಾಕ್ಟರಿಗೆ ವಿಷಯ ಗೊತ್ತಿರಲಿಲ್ಲ. ತಂದೆ ಬರಲಿಲ್ಲವೇ ಎಂದು ಕೇಳಿದರು. ಹೇಳಿದೆ. ಅವರು ಎದ್ದು ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತರು. ಅವರ ಕಾಗದದಲ್ಲಿ ತಂದೆಯ ಆರೋಗ್ಯ ಎಂದು ಒಂದು ಸಾಲು ಇದೆ. ಅದನ್ನು ಅವರು ನನ್ನ ಮುಂದೆ ತುಂಬಲಿಲ್ಲ. ಸೂಟಿನ ಮಾತನ್ನು ತಾವು ಈಗ ಕಲಿಯುವವರಿಗೆ ಪಾಠದಲ್ಲಿ ಹೇಳುತ್ತೇವೆ, ತೂಕ ಬರೆದುಕೊಳ್ಳುವ ಮೊದಲು ಅದನ್ನು ಹೇಳುವವರು ಎಷ್ಟು ವರ್ಷ ಕಾದಿದ್ದಾರೆ ಎಂದು ಕೇಳಿರಿ ಎನ್ನುತ್ತೇವೆ ಎಂದರು. ಮಗಳು ಅಷ್ಟರಲ್ಲಿ ತಾನೇ ಮಿಷನ್ ಹತ್ತಿ ನಿಂತಿದ್ದಳು. ಡಾಕ್ಟರು ರೂಢಿಯಂತೆ ಅಂಕಿ ಬರೆದು ಕಾಗದವನ್ನು ನನ್ನ ಕಡೆ ತಿರುಗಿಸಿದರು.

ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಮಗಳು ಒಳಗೆ ಓಡಿದಳು. ಅತ್ತೆ ಆರು ವರ್ಷದಲ್ಲಿ ಕೇಳದಿದ್ದದ್ದನ್ನು ಕೇಳಿದರು. ಎಷ್ಟು ಆಗಿದ್ದಾಳೆ ಎಂದರು. ನಾನು ಬಾಯಿ ತೆರೆದು ತಡೆದೆ. ಇವರು ಇದ್ದಿದ್ದರೆ ಎಷ್ಟು ಕಳೆಯುತ್ತಿದ್ದರು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅತ್ತೆಗೆ ಅದು ತಿಳಿಯಿತು.

"ಪೂರಾ ಹೇಳ ನನ್ನವ್ವಾ" ಎಂದರು. "ನನ್ನ ಮಗಾ ಏರೇತಿ ಏರೇತಿ ಅಂದ. ನಾ ಏನ ಕುರ್ಡಿ ಇದ್ನೇನ? ಇನ್ನ ಸಾಕು. ಪೂರಾ ಹೇಳು."

ಹದಿನೇಳು ಕಿಲೋ ನಾನೂರು ಗ್ರಾಂ ಎಂದೆ.

ಅತ್ತೆ ತೊಟ್ಟು ಬಿಡಿಸಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ಅಂಕಿಯನ್ನು ತಾವೂ ಒಮ್ಮೆ ಗಟ್ಟಿಯಾಗಿ ಹೇಳಿದರು. ಆಮೇಲೆ ಮತ್ತೊಂದು ಕಾಯಿ ಎತ್ತಿಕೊಂಡರು.